ಮೂರನೆಯ ಚೀಟಿ

ಎಂಟು ವರ್ಷ ನಾನು ಇಗರ್ಜಿಗೆ ಹೋದದ್ದು ಒಬ್ಬಳ ಬೆನ್ನು ನೋಡುವುದಕ್ಕೆ. ಅವಳು ಎಡಬದಿಯ ನಾಲ್ಕನೇ ಬೆಂಚಿನಲ್ಲಿ ಕೂರುತ್ತಿದ್ದಳು, ನಾನು ಐದನೆಯದರಲ್ಲಿ. ಅವಳು ಎದ್ದಾಗ ಏಳುತ್ತಿದ್ದೆ, ಮೊಣಕಾಲೂರಿದಾಗ ಊರುತ್ತಿದ್ದೆ, ಇಡೀ ಪೂಜೆಯ ಹೊತ್ತು ಅವಳು ಹಾಳಾಗಿ ಹೋಗಲಿ ಎಂದು ಒಂದೇ ಸಮನೆ ಶಪಿಸುತ್ತಿದ್ದೆ. ನೋಡಿದವರು ನನ್ನಂಥ ಭಕ್ತೆ ಪುತ್ತೂರಿನಲ್ಲೇ ಇಲ್ಲ ಅಂದುಕೊಂಡಿರಬೇಕು.

ಕಾರಣ ನನ್ನ ಅಕ್ಕ. ನಮ್ಮಲ್ಲಿ ಮದುವೆ ನಿಶ್ಚಯವಾದರೆ ಮೂರು ಭಾನುವಾರ ಎರಡೂ ಕಡೆಯ ಇಗರ್ಜಿಗಳಲ್ಲಿ ಪೂಜೆಯ ಕೊನೆಗೆ ಪಾದ್ರಿಗಳು ಹುಡುಗ ಹುಡುಗಿಯ ಹೆಸರು ಓದುತ್ತಾರೆ. ಅದಕ್ಕೆ ಚೀಟಿ ಓದುವುದು ಎನ್ನುತ್ತೇವೆ. ಮದುವೆಗೆ ಅಡ್ಡಿಯಾಗುವಂಥದ್ದು ಯಾರಿಗಾದರೂ ಗೊತ್ತಿದ್ದರೆ ಬಂದು ಹೇಳಲೇಬೇಕು, ಮುಚ್ಚಿಟ್ಟರೆ ಪಾಪ ಎಂದೂ ಸೇರಿಸುತ್ತಾರೆ. ಎಪ್ಪತ್ತರ ದಶಕದ ಮಧ್ಯದಲ್ಲಿ ಅಕ್ಕನಿಗೆ ಸುಳ್ಯದ ಹುಡುಗ ಗೊತ್ತಾದ. ಎರಡು ಚೀಟಿ ಓದಿ ಆಗಿತ್ತು. ಮೂರನೆಯ ಭಾನುವಾರ ಅಕ್ಕ ಮಲ್ಲಿಗೆ ಮುಡಿದು ಕೂತಿದ್ದಳು. ಪಾದ್ರಿಗಳು ಬೇರೆ ಇಬ್ಬರ ಹೆಸರು ಓದಿ, ಪುಸ್ತಕ ಮುಚ್ಚಿ ಒಳಗೆ ಹೋದರು. ಸಂಬಂಧ ಬೇಡವೆಂದು ಹಿಂದಿನ ಸಂಜೆಯೇ ಹುಡುಗನ ಕಡೆಯಿಂದ ಸುದ್ದಿ ಬಂದಿತ್ತಂತೆ, ನಮಗೆ ಹೇಳಲು ಯಾರಿಗೂ ಬಾಯಿ ಬಂದಿರಲಿಲ್ಲ.

ನಾಲ್ಕನೇ ಬೆಂಚಿನ ಆ ಹೆಂಗಸು, ನಮ್ಮ ಬೇಲಿಯಾಚೆಯವಳು, ಸುಳ್ಯಕ್ಕೆ ಹೋಗಿ, "ಆ ಮನೆಯಲ್ಲಿ ಹುಚ್ಚು ಉಂಟು, ಗೊತ್ತುಂಟಾ?" ಎಂದು ಹುಡುಗನ ಕಡೆಯವರಿಗೆ ಹೇಳಿ ಬಂದಿದ್ದಳು. ನಾನು ಹುಟ್ಟಿದಾಗ ಅಮ್ಮನ ಮನಸ್ಸು ಕೆಟ್ಟು, ಮೂರು ತಿಂಗಳು ಮಂಗಳೂರಿನ ಆಸ್ಪತ್ರೆಯಲ್ಲಿದ್ದಳು. ಆಮೇಲೆ ಸಾಯುವವರೆಗೆ ನೆಟ್ಟಗೇ ಇದ್ದಳು. ಅದನ್ನು ಹೇಳುವವರು ಯಾರು?

ಅಕ್ಕನಿಗೆ ಮತ್ತೆ ಹುಡುಗ ಬರಲಿಲ್ಲ. ನಾವಿಬ್ಬರೂ ಬಟ್ಟೆ ಹೊಲಿದುಕೊಂಡು ಉಳಿದೆವು. ನಾನು ಮೆಷಿನ್ ತುಳಿಯುತ್ತಿದ್ದೆ, ಅಕ್ಕ ಹುಕ್ಸ್ ಹಾಕುವುದು, ಅಂಚು ಮಡಚಿ ಹೊಲಿಯುವುದು. ಸಂಜೆ ಅವಳು ಜಪಮಾಲೆ ಹಿಡಿದು ಕೂತರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಕೇಳಿದ್ದನ್ನು ಕೊಡದಿದ್ದರೆ ಹೋಗಲಿ, ಮಾಡಿದವಳಿಗೆ ಒಂದು ಕಾಲುನೋವನ್ನಾದರೂ ದೇವರು ಕೊಡಬಾರದೇ? ಅವಳ ದನ ವರ್ಷ ತಪ್ಪದೆ ಕರು ಹಾಕಿತು. ಗಂಡನಿಗೆ ಗಲ್ಫಿನಲ್ಲಿ ಕೆಲಸ ಸಿಕ್ಕಿತು. ದೇವರಿಗೆ ನಮ್ಮೂರಿನ ದಾರಿಯೇ ಮರೆತುಹೋಗಿದೆ ಎಂದು ತೀರ್ಮಾನಿಸಿ ನಾನು ಪ್ರಾರ್ಥನೆ ಬಿಟ್ಟೆ, ಶಾಪವನ್ನು ಮಾತ್ರ ಇಟ್ಟುಕೊಂಡೆ.

ಎಂಬತ್ತರ ದಶಕ ಶುರುವಾಗಿ ಎರಡು ಮೂರು ವರ್ಷಕ್ಕೆ ಅವಳ ಮಗಳಿಗೆ ಕಡಬದ ಕಡೆಯ ಹುಡುಗ ಗೊತ್ತಾದ. ಹುಡುಗಿ ಮದುವೆಯ ರವಿಕೆಗೆ ನಮ್ಮಲ್ಲಿಗೇ ಬಂದಳು; ಅಕ್ಕನ ಕೈಹೊಲಿಗೆಯೇ ಬೇಕಂತೆ. ಅಳತೆ ತೆಗೆಯುತ್ತಿದ್ದಾಗ ಅವಳ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತು, ಧೊಪ್ಪೆಂದು ಬಿದ್ದಳು, ಕೈಕಾಲು ಸೆಟೆದವು, ಬಾಯಲ್ಲಿ ನೊರೆ. ಅಕ್ಕ ಓಡಿಬಂದು ಅವಳ ತಲೆಯ ಕೆಳಗೆ ಬಟ್ಟೆಯ ಗಂಟು ಇಟ್ಟಳು. ನಾನು ಟೇಪು ಹಿಡಿದು ನಿಂತೇ ಇದ್ದೆ. ನಿಜ ಹೇಳುತ್ತೇನೆ, ನನಗೆ ಸಂತೋಷವಾಯಿತು. ಬೇಲಿ ದಾಟಿ ಓಡಿಬಂದ ತಾಯಿ ನನ್ನ ಮುಖ ನೋಡಿದಳು, ನೋಡಿದ ಕೂಡಲೇ ಅವಳಿಗೆ ಎಲ್ಲ ಅರ್ಥವಾಯಿತು.

ಎರಡು ಚೀಟಿ ಓದುವವರೆಗೆ ಕಾದೆ. ಅಕ್ಕನಿಗೂ ಎರಡು ಓದಿ ಆಗಿತ್ತಲ್ಲ. ಶನಿವಾರ ಮಧ್ಯಾಹ್ನ, ನೂಲು ತರಲಿಕ್ಕೆ ಎಂದು ಅಕ್ಕನಿಗೆ ಸುಳ್ಳು ಹೇಳಿ, ಉಪ್ಪಿನಂಗಡಿಯಲ್ಲಿ ಬಸ್ಸು ಬದಲಿಸಿ ಹುಡುಗನ ಇಗರ್ಜಿಗೆ ಹೋದೆ. ಉಪ್ಪು ತಿಂದವಳು ನೀರು ಕುಡಿಯಲಿ. ಮುಚ್ಚಿಟ್ಟರೆ ಪಾಪ ಎಂದು ಅವರೇ ಹೇಳುತ್ತಾರಲ್ಲ! ಸೇಡನ್ನೇ ಪುಣ್ಯದ ಕೆಲಸವಾಗಿ ಮಾಡುವ ಭಾಗ್ಯ ಎಷ್ಟು ಜನರಿಗೆ ಸಿಗುತ್ತದೆ?

ಪಾದ್ರಿಗಳು ಪಾಪನಿವೇದನೆ ಕೇಳುವ ಗೂಡಿನಲ್ಲಿ ಕೂತಿದ್ದರು. ಹೊರಗೆ ಆರೇಳು ಜನರ ಸಾಲು. ಎಲ್ಲ ಮುಗಿಯುವವರೆಗೆ ಕಾದರೆ ಬಸ್ಸು ತಪ್ಪೀತೆಂದು ನಾನೂ ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ ಜಾಲರಿಯ ಮುಂದೆ ಮೊಣಕಾಲೂರಿದೆ. ಚಿಕ್ಕಂದಿನ ಅಭ್ಯಾಸ, ಕೈ ತಾನಾಗಿ ಶಿಲುಬೆಯ ಗುರುತು ಹಾಕಿತು, ಬಾಯಿ ತಾನಾಗಿ "ಆಶೀರ್ವದಿಸಿ ಫಾದರ್, ನಾನು ಪಾಪ ಮಾಡಿದ್ದೇನೆ" ಎಂದಿತು. ಆಮೇಲೆ ಒಂದೇ ಉಸಿರಿಗೆ ಹುಡುಗಿಯ ಹೆಸರು, ಫಿಟ್ಸ್, ನೊರೆ ಎಲ್ಲ ಹೇಳಿ ಮುಗಿಸಿದೆ.

ಜಾಲರಿಯ ಆಚೆಯಿಂದ ಪಾದ್ರಿಗಳು ಮೆಲ್ಲಗೆ ಕೇಳಿದರು.

"ಇದನ್ನು ಇಲ್ಲಿ ಯಾಕಮ್ಮ ಹೇಳಿದ್ದು? ಇಲ್ಲಿ ಕೇಳಿದ್ದು ನನ್ನೊಟ್ಟಿಗೇ ಸಾಯುದು. ಯಾರಿಗೂ ಹೇಳ್ಲಿಕ್ಕಿಲ್ಲ, ಚೀಟಿ ನಿಲ್ಲಿಸ್ಲಿಕ್ಕೂ ಇಲ್ಲ."

ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಎಂಟು ವರ್ಷ ಮಸೆದ ಕತ್ತಿಯನ್ನು ತಂದು ಬಾವಿಗೆ ಹಾಕಿದ್ದೆ.

"ಹೇಳ್ಲೇಬೇಕಾದ್ರೆ ಇದೆಲ್ಲ ಮುಗಿದ ಮೇಲೆ ಆಫೀಸಿಗೆ ಬಂದು ಹೇಳಿ, ನಾನು ಅಲ್ಲಿರ್ತೇನೆ. ಈಗ ನಿಮ್ಮ ಪಾಪ ಎಂತ, ಅದನ್ನು ಹೇಳಿ. ಇಷ್ಟು ಹೊತ್ತು ಹೇಳಿದ್ದು ಆ ಹುಡುಗಿಯ ಕಾಯಿಲೆ ಅಲ್ವಾ?"

ಎದ್ದು ಬಂದೆ. ಆಫೀಸಿನ ಬಾಗಿಲು ಕಾಣುವ ಹಾಗೆ ಕೊನೆಯ ಬೆಂಚಿನಲ್ಲಿ ಕೂತೆ. ಸಿಟ್ಟು ನೆತ್ತಿಗೇರಿತ್ತು. ಪೀಠದ ಮೇಲಿನ ಶಿಲುಬೆ ನೋಡಿ ಹಲ್ಲು ಕಚ್ಚಿ ಬೈದೆ. ನನ್ನ ಬಾಯಿ ಕಟ್ಟಲಿಕ್ಕೆ ಈಗ ಬಂದೆಯಾ? ಅವಳು ಸುಳ್ಯದ ಬಸ್ಸು ಹತ್ತಿದ ದಿನ ಎಲ್ಲಿ ಸತ್ತಿದ್ದೆ? ಮನೆಗೆ ಬಂದು ಅಕ್ಕ ಮಲ್ಲಿಗೆ ಕಿತ್ತು ಬಚ್ಚಲಿಗೆ ಎಸೆದದ್ದು ನಿನಗೆ ಕಾಣಲಿಲ್ಲವಾ? ಬೈಯುತ್ತಿದ್ದಾಗಲೇ ಹೊಳೆಯಿತು: ಎಂಟು ವರ್ಷ ನಾನು ದೇವರನ್ನು ಊರು ಬಿಟ್ಟು ಹೋದವನ ಹಾಗೆ 'ಅವನು' ಎಂದೇ ದೂರಿದ್ದೆ. ಈಗ 'ನೀನು' ಎನ್ನುತ್ತಿದ್ದೆ. ಎದುರಿಗಿಲ್ಲದವನನ್ನು ಯಾರೂ ನೀನು ಎನ್ನುವುದಿಲ್ಲ. ಹೆದರಿಕೆಯಾಯಿತು, ಅಳುವೂ ಬಂತು. ನಾಳೆ ಆ ಹುಡುಗಿಯೂ ಹೂ ಮುಡಿದೇ ಬಂದು ಕೂರುತ್ತಾಳೆ. ಪಾದ್ರಿಗಳು ಆಫೀಸಿನಲ್ಲಿ ಕಾದರು, ಕೊನೆಗೆ ಬಾಗಿಲು ಹಾಕಿಕೊಂಡು ಹೋದರು. ನಾನು ಏಳಲಿಲ್ಲ.

ಮರುದಿನ ಪುತ್ತೂರಿನಲ್ಲಿ ಮೂರನೆಯ ಚೀಟಿ ಓದಿದರು. ಅಡ್ಡಿ ಗೊತ್ತಿದ್ದವರು ಹೇಳಿ ಎಂದಾಗ ಹುಡುಗಿಯ ತಾಯಿಯ ಕುತ್ತಿಗೆ ಬೆವರಿತು. ಆ ಬೆವರು ನೋಡಿ ನನ್ನ ಹೊಟ್ಟೆ ತಣ್ಣಗಾಯಿತು, ಇಲ್ಲ ಎನ್ನಲಾರೆ. ಪೂಜೆ ಮುಗಿದು ಹೊರಗೆ ಬಂದಾಗ ಅವಳು ಮೆಟ್ಟಿಲ ಮೇಲೆ ನನ್ನ ಕೈ ಹಿಡಿದು, "ನೀನು ಹೇಳ್ತಿ ಅಂತ ಗ್ರಹಿಸಿದ್ದೆ" ಎಂದಳು.

"ಹೇಳಿದ್ರೂ ಎಂತ ಆಗ್ತಿತ್ತು ಅಮ್ಮ?" ಎಂದಳು ಪಕ್ಕದಲ್ಲಿದ್ದ ಮಗಳು. "ಅವರಿಗೆ ನಾನು ನಿಶ್ಚಯದ ದಿನವೇ ಹೇಳಿದ್ದೇನೆ."

ಒಬ್ಬಳ ಹೆದರಿಕೆ, ಇನ್ನೊಬ್ಬಳ ಸೇಡು, ಎರಡೂ ದಂಡ. ನಾನು ಕೈ ಬಿಡಿಸಿಕೊಂಡೆ.

"ನನ್ನ ಹತ್ರ ಎಂತದೂ ಹೇಳುದು ಬೇಡ. ನೀವು ಸುಳ್ಯಕ್ಕೆ ಹೋದದ್ದನ್ನು ಅಕ್ಕನ ಎದುರು ಬಂದು ಹೇಳಿ."

ಬುಧವಾರ ಬಂದಳು. ಹೊಸಿಲಲ್ಲೇ ನಿಂತು ತಡವರಿಸುತ್ತಾ ಹೇಳಿದಳು. ಅಕ್ಕ ಸೂಜಿಯಿಂದ ಕಣ್ಣೆತ್ತಲಿಲ್ಲ.

"ಗೊತ್ತುಂಟು. ಇದು ನಿಮ್ಮ ಮಗಳ ರವಿಕೆಯೇ. ಕೂತ್ಕೊಳ್ಳಿ, ಇನ್ನು ಎರಡು ಹುಕ್ಸ್ ಹಾಕ್ಲಿಕ್ಕುಂಟು."

ನಾನು ಅಕ್ಕನಲ್ಲ. ಆ ಸಂಜೆ ಎಂಟು ವರ್ಷದ ಮೇಲೆ ಜಪಕ್ಕೆ ಅವಳ ಪಕ್ಕ ಕೂತೆ. ಬೇರೆ ಪ್ರಾರ್ಥನೆ ಯಾವುದೂ ಬಾಯಿಗೆ ಬರಲಿಲ್ಲ. ಬೇಲಿಯಾಚೆಯವಳನ್ನು ನಾನು ಕ್ಷಮಿಸಿಲ್ಲ ಎಂದು ಮನಸ್ಸಿನಲ್ಲೇ ದೇವರಿಗೆ ಹೇಳಿದೆ. ನಾಳೆಯೂ ಬಂದು ನಿನಗೆ ಇದನ್ನೇ ಹೇಳುತ್ತೇನೆ ಎಂದೆ.