ಕೆರೆಯದೆ ಕಳೆಯಬೇಕಾದ ಎರಡು ದಿನ

ಬೆಳಗಿನ ಆರೂವರೆ. ಕಿನುಯೊ ಮೊಮೊಸೆ ಎರಡನೇ ನೀರಿನಲ್ಲಿ ಅಕ್ಕಿ ತೊಳೆಯುತ್ತಿದ್ದಾರೆ. ಅವರ ಅಡುಗೆಮನೆಗೂ ಮದ್ದಿನಂಗಡಿಗೂ ನಡುವೆ ಇರುವುದು ಒಂದು ಪರದೆ ಮಾತ್ರ. ಶಟರ್ ಬಡಿದ ಸದ್ದು ಕೇಳಿದ್ದೇ ಪಾತ್ರೆಯನ್ನು ಹಾಗೇ ಬಿಟ್ಟು, ಕೈ ಒರೆಸಿಕೊಳ್ಳುತ್ತ ಹೋಗುತ್ತಾರೆ. ಜೂನ್ ತಿಂಗಳ ಜಿಟಿಜಿಟಿ ಮಳೆಯಲ್ಲಿ ಒಂದೇ ಕೊಡೆಯ ಕೆಳಗೆ ಇಬ್ಬರು: ಮೆರುಗೆಣ್ಣೆ ಕೆಲಸದ ಇವಾವೊ, ಅವರ ಎಂಟು ವರ್ಷದ ಮೊಮ್ಮಗಳು ಕೋಹಾರು. ಹುಡುಗಿಯ ಎರಡೂ ಕೈಗೆ ಕಾಲುಚೀಲ ತೊಡಿಸಿ ದಾರ ಸುತ್ತಿದೆ. ನಿದ್ದೆಗಣ್ಣಲ್ಲಿ ಕೆರೆದುಕೊಳ್ಳದಿರಲೆಂದು ಅಮ್ಮ ಕಟ್ಟಿದ್ದು.

ಇವಾವೊ ಜೇಬಿನಿಂದ ಮಡಚಿದ ಚೀಟಿ ತೆಗೆಯುತ್ತಾರೆ. ಕಿನುಯೊ ಮೊದಲು ನೋಡುವುದು ತಾರೀಖು.

"ವೈದ್ಯರು ಬರೆದು ಮೂರು ದಿನ ಆಯ್ತಲ್ಲ. ಚೀಟಿಗೆ ನಾಲ್ಕೇ ದಿನ ಆಯುಸ್ಸು, ಇವತ್ತು ದಾಟಿದ್ರೆ ಇದು ನಡೀತಿರಲಿಲ್ಲ. ಇಷ್ಟು ದಿನ ಏನ್ ಮಾಡ್ತಿದ್ರಿ ಯಜಮಾನ್ರೇ?"

"ಹೊಳೆ ಏಡಿ ಜಜ್ಜಿ ರಸ ಹಚ್ಚಿದ್ವಿ. ನಮ್ಮಪ್ಪ ನಂಗೂ ಅದನ್ನೇ ಹಚ್ತಿದ್ದ."

"ಏಡಿಗೂ ಸುಖ ಇಲ್ಲ, ಮಗೂಗೂ ಸುಖ ಇಲ್ಲ," ಎನ್ನುತ್ತ ಕಿನುಯೊ ದೀಪ ಹಾಕುತ್ತಾರೆ.

ಕಿಸೋ ಕಣಿವೆಯ ಈ ಊರಲ್ಲಿ ಮನೆಗೊಬ್ಬರಂತೆ ಉರುಷಿ ಮರದ ಸೊನೆ ಬಳಿದು ಬಟ್ಟಲುಗಳಿಗೆ ಮೆರುಗು ಕೊಡುತ್ತಾರೆ. ಹಸಿ ಸೊನೆ ಮೈಗೆ ತಾಗಿದರೆ ಊತ, ತುರಿಕೆ; ಅದು ಗಟ್ಟಿಯಾಗಲು ಗಾಳಿಯಲ್ಲಿ ತೇವ ಬೇಕು. ಹಾಗಾಗಿ ಮಳೆಯ ತಿಂಗಳೇ ಕೆಲಸದ ತಿಂಗಳು, ತುರಿಕೆಯ ತಿಂಗಳೂ ಅದೇ. ಈ ದಿನಗಳಲ್ಲಿ ಕಿನುಯೊ ಇಪ್ಪತ್ತು ಡಬ್ಬಿ ಮುಲಾಮು ಕಲಸದೆ ಮಲಗುವುದಿಲ್ಲ. ಹೀಗೆ ಮೂವತ್ನಾಲ್ಕು ಮಳೆಗಾಲ ಕಳೆದಿವೆ. ಊರಿನ ಬಟ್ಟಲಿನ ತಳದಲ್ಲಿ ಅದನ್ನು ಮಾಡಿದವರ ಹೆಸರಿರುತ್ತದೆ. ಇವರು ಕಲಸಿದ ಡಬ್ಬಿಯ ಮೇಲಿರುವುದು ಹಚ್ಚಿಕೊಳ್ಳುವವರ ಹೆಸರು.

ಕಡಲ ಕರೆಯ ಊರಿಂದ ಇಪ್ಪತ್ತೇಳರ ಹರೆಯದಲ್ಲಿ ಸೊಸೆಯಾಗಿ ಬಂದವರು. ಔಷಧಶಾಸ್ತ್ರದ ಪದವಿ ಪಡೆದೇ ಬಂದಿದ್ದರೂ, ಆಗ ಅಂಗಡಿ ನಡೆಸುತ್ತಿದ್ದ ಮಾವ ಕೈ ಪಳಗಲೆಂದು ಆರು ತಿಂಗಳು ಬರೀ ಅನ್ನದ ಗಂಜಿ ಕಲಸಲು ಕೂರಿಸಿದ್ದರಂತೆ. ಗಂಡ ತೀರಿಕೊಂಡು ಹನ್ನೊಂದು ವರ್ಷ. ಅಂದಿನಿಂದ ಅಂಗಡಿಗೆ ಒಬ್ಬರೇ. ಬಲಗೈ ಮಣಿಕಟ್ಟಿಗೆ ಸದಾ ಪಟ್ಟಿ. ಕಲಸುವ ಯಂತ್ರ ತರಬಾರದೇ ಎಂದರೆ ನಗುತ್ತಾರೆ: "ಜೂನ್ ಬಿಟ್ರೆ ಅದೂ ನನ್ ಹಾಗೆ ಸುಮ್ನೆ ಕೂತು ಬೀದಿ ನೋಡ್ಬೇಕಾಗುತ್ತೆ."

ಕಾಲುಚೀಲ ಬಿಚ್ಚಲು ಕಿನುಯೊ ಕೈ ಚಾಚಿದರೆ ಕೋಹಾರು ಎರಡೂ ಕೈ ಬೆನ್ನ ಹಿಂದೆ ಬಚ್ಚಿಡುತ್ತಾಳೆ. ಅಜ್ಜನ ಕುಂಚ ತೊಳೆಯುವುದು ಅವಳೇ ಕಾಡಿ ಬೇಡಿ ಪಡೆದ ಕೆಲಸ. ಕೈ ಊದಿಕೊಂಡದ್ದು ಆ ಕೆಲಸದ ಎರಡನೇ ವಾರಕ್ಕೆ. ಅವಳು ಒಮ್ಮೆಯೂ ಅತ್ತಿಲ್ಲ.

"ಮದ್ದು ಹಚ್ಚಿದ ಕೈಗೆ ಸೊನೆ ಯಾವತ್ತೂ ಒಗ್ಗಲ್ಲ, ಆ ಕೈ ಈ ಕೆಲ್ಸಕ್ಕೆ ಬರಲ್ಲ ಅಂತಾರೆ ನಮ್ಮಲ್ಲಿ," ಎಂದು ಇವಾವೊ ಗೋಡೆ ನೋಡುತ್ತ ಹೇಳುತ್ತಾರೆ.

"ಯಾರಂತಾರೆ?"

"ಎಲ್ಲರೂ."

"ಆ ಎಲ್ಲರ ಡಬ್ಬೀನೂ ಇಲ್ಲೇ ತುಂಬ್ಸಿರೋದು. ನಾನು ಹೆಸರು ಹೇಳಲ್ಲ, ಅಷ್ಟೇ."

ಇವಾವೊಗೆ ಕೆಮ್ಮು ಬರುತ್ತದೆ. ಕಿನುಯೊ ಹುಡುಗಿಯ ಮುಂದೆ ಮಂಡಿಯೂರಿ, ಅವಳು ತಾನಾಗಿ ಕೈ ಕೊಡುವವರೆಗೂ ಕಾಯುತ್ತಾರೆ.

ಎಡಗೈಯ ಮಣಿಕಟ್ಟಿನಲ್ಲಿ ಚರ್ಮ ಕಿತ್ತುಬಂದಿದೆ. ಅದು ಚೀಟಿ ಬರೆದ ದಿನ ಇರಲಿಲ್ಲ. ಕಿನುಯೊ ಫೋನು ಎತ್ತಿ, ಬೆಳಗಿನ ಊಟಕ್ಕೆ ಕುಳಿತ ವೈದ್ಯರನ್ನೇ ಎಬ್ಬಿಸುತ್ತಾರೆ. ಚೀಟಿಯಲ್ಲಿ ಬರೆದಿರುವ, ಚರ್ಮ ಮರಗಟ್ಟಿಸುವ ಕ್ರೀಮನ್ನು ಹಸಿ ಗಾಯಕ್ಕೆ ಹಚ್ಚಿದರೆ ಅದು ಸೀದಾ ರಕ್ತಕ್ಕಿಳಿಯುತ್ತದೆ, ಪುಟ್ಟ ಮೈಗೆ ಅದು ಆಟವಲ್ಲ. ಎರಡು ಮಾತಲ್ಲಿ ತೀರ್ಮಾನವಾಗುತ್ತದೆ: ಗಾಯಕ್ಕೆ ಬಿಳಿ ಮುಚ್ಚಳದ ಬೇರೆ ಮುಲಾಮು, ಉಳಿದೆಡೆಗೆ ನೀಲಿ ಮುಚ್ಚಳದ ಬೆರಕೆ.

ಆಮೇಲೆ ಗಾಜಿನ ಹಲಗೆ, ಎರಡು ಚಪ್ಪಟೆ ಅಲಗು. ತೂಗಿದ ಸ್ಟೀರಾಯ್ಡ್ ಕ್ರೀಮು ಒಂದು ಬದಿಗೆ, ಮರಗಟ್ಟಿಸುವ ಕ್ರೀಮು ಇನ್ನೊಂದು ಬದಿಗೆ. ಮಡಚುವುದು, ಒತ್ತುವುದು, ಎಳೆಯುವುದು. ಯಾವುದನ್ನೋ ಯಾವುದಕ್ಕೋ ಕಲಸಿದರೆ ಸಂಜೆಯೊಳಗೆ ಒಡೆದ ಸೋಯಾ ಹಾಲಿನಂತೆ ನೀರು ಬಿಡುತ್ತದೆ. ಯಾವುದು ಯಾವುದರ ಜೊತೆ ಬಾಳುತ್ತದೆ ಎಂಬುದು ಅವರಿಗೆ ಬಾಯಿಪಾಠ.

"ಊತ ಇಳಿಸೋಕೆ ಸ್ಟೀರಾಯ್ಡ್‌ಗೆ ಎರಡು ದಿನ ಬೇಕು," ಅನ್ನುತ್ತಾರೆ ಕೈ ನಿಲ್ಲಿಸದೆ. "ಆ ಎರಡು ದಿನ ಕಾಯೋ ತಾಳ್ಮೆ ಉಗುರಿಗೆಲ್ಲಿದೆ? ಅದನ್ನ ಸುಮ್ಮನಿರಿಸೋಕೆ ಇನ್ನೊಂದು. ಒಂದು ಜಗಳ ಬಿಡಿಸುತ್ತೆ, ಇನ್ನೊಂದು ಅಲ್ಲಿವರೆಗೂ ಮಗೂನ ಆಡಿಸುತ್ತೆ."

ಬೆರಳ ತುದಿಯಷ್ಟು ತೆಗೆದು ಒಂದೊಂದೇ ಬೆರಳಿಗೆ ಸವರುತ್ತಾರೆ. ಕಣ್ಣು ಬಾಯಿಗೆ ತಾಗಿಸಬಾರದು. ವಾರ ದಾಟಿದರೆ ಮತ್ತೆ ವೈದ್ಯರ ಬಳಿಗೇ. ವಾಸಿಯಾಗುವ ತನಕ ಕುಂಚದ ಹತ್ತಿರ ಸುಳಿಯಬಾರದು. ಸ್ವಲ್ಪ ಹೊತ್ತಿಗೆ ಹುಡುಗಿಯ ಭುಜ ಇಳಿಯುತ್ತದೆ. ತುರಿಕೆ ಎಲ್ಲಿ ಹೋಯಿತೆಂದು ಹುಡುಕುವವಳಂತೆ ಅಂಗೈ ತಿರುಗಿಸಿ ನೋಡುತ್ತಾಳೆ.

ನಿಮಗೇನು ಆಸೆ ಎಂದು ಕೇಳಿದರೆ ಕಿನುಯೊ ಅಲಗು ಒರೆಸುತ್ತ ಯೋಚಿಸುತ್ತಾರೆ. "ನಾನು ತುಂಬಿಕೊಟ್ಟ ಡಬ್ಬಿ ಅರ್ಧ ಖಾಲಿಯಾಗೋದ್ರೊಳಗೆ ಅವರಿಗೆ ಬೇಡವಾಗ್ಬೇಕು. ಇನ್ನೇನು ಬೇಕು ಹೇಳಿ."

ಇವಾವೊ ಕೊಡೆ ಬಿಚ್ಚಿ ಹೊಸ್ತಿಲಲ್ಲಿ ನಿಂತಿದ್ದಾರೆ. ಕೋಹಾರು ಕದಲುವುದಿಲ್ಲ. ಅಂಟಂಟಾದ ಬೆರಳುಗಳನ್ನು ಅಗಲಿಸಿ ಹಿಡಿದು, ನಾಲ್ಕು ದಿನದಿಂದ ನುಂಗಿಕೊಂಡಿದ್ದನ್ನು ಮೆಲ್ಲಗೆ ಹೊರಹಾಕುತ್ತಾಳೆ.

"ಅಜ್ಜಾ, ಮದ್ದು ಹಚ್ಕೊಂಡು ವಾಸಿಯಾದ್ರೂ ನೀನು ನನ್ನನ್ನ ಕೆಲಸದ ಕೋಣೆಗೆ ಸೇರಿಸ್ಕೋತೀಯಾ?"