ಹನುಮಕ್ಕ ಹೇಳಿದ ಸಾಕ್ಷಿ

ಅದು ೧೯೫೮. ದಸರಾ ರಜೆ ಮುಗಿದು ಶಾಲೆ ಶುರುವಾಗಿ ಎರಡು ವಾರವಾಗಿತ್ತು. ಶಿರಾಳಕೊಪ್ಪದಲ್ಲಿ ನಾನು ಓದಿದ ಶಾಲೆಯಲ್ಲೇ ಮೇಷ್ಟ್ರಾಗಿದ್ದೆ. ಅಕ್ಷರ ದುಂಡಗಿದೆ ಅನ್ನುವ ಒಂದೇ ಕಾರಣಕ್ಕೆ ಅಡ್ಮಿಷನ್ ರಿಜಿಸ್ಟರು ನನ್ನ ತಲೆಗೆ ಬಿದ್ದಿತ್ತು. ಸೊರಬದಲ್ಲಿ ಹೆಣ್ಣು ನೋಡಿ, ಮಾತುಕತೆಯೂ ಮುಗಿದು, ಮದುವೆ ನಿಶ್ಚಯವಾಗಿತ್ತು. ಹಾಗಾಗಿ ಆ ದಿನಗಳಲ್ಲಿ ನಾನು ಭಾರೀ ಮರ್ಯಾದಸ್ಥನಂತೆ ಓಡಾಡುತ್ತಿದ್ದೆ. ಯಾರ ಬಾಯಿಗೂ ಬೀಳಬಾರದು ಅನ್ನುವುದೇ ಅಂದಿನ ನನ್ನ ದೊಡ್ಡ ಚಿಂತೆ.

ಅವತ್ತು ಸಂತೆ. ಮಧ್ಯಾಹ್ನದ ಬಿಡುವಿನಲ್ಲಿ ಆಫೀಸು ರೂಮಿನ ಬಾಗಿಲಿಗೆ ಒಬ್ಬ ಹೆಂಗಸು ಬಂದು ನಿಂತರು. ನೀಲಿ ಅಂಚಿನ ಬಿಳಿ ಸೀರೆ, ಬಿಗಿಯಾಗಿ ಕಟ್ಟಿದ ತುರುಬು, ಕೈಯಲ್ಲಿ ಚರ್ಮದ ಚೀಲ. ಎತ್ತರದ ಆಳು. ಯಾರೋ ಸರ್ಕಾರದ ಕಡೆಯವರಿರಬೇಕು ಎಂದು ಎದ್ದು ನಿಂತು ಕುರ್ಚಿ ಕೊಟ್ಟೆ.

“ಕುರ್ಚಿ ಕೊಡೋವಷ್ಟು ದೊಡ್ಡೋಳಾದ್ನೇನೋ ಶಿವಣ್ಣ?”

ಆ ಧ್ವನಿ ಕೇಳಿ ಅವರ ಮುಖವನ್ನು ಮತ್ತೊಮ್ಮೆ ನೋಡಿದೆ. ನಾಲ್ಕು ವರ್ಷ ನನ್ನ ಪಕ್ಕದಲ್ಲೇ ಕೂತು ಪಾಠ ಒಪ್ಪಿಸುತ್ತಿದ್ದ ಧ್ವನಿ ಅದು. ತೊಗರ್ಸಿ ದಾರಿಯ ನಮ್ಮ ಹಳ್ಳಿಯಿಂದ ದಿನವೂ ಜೊತೆಯಲ್ಲೇ ನಡೆದು ಶಾಲೆಗೆ ಬರುತ್ತಿದ್ದ ಬಸವರಾಜ. ಒಂದು ದಿನ ಇದ್ದಕ್ಕಿದ್ದಂತೆ ಊರು ಬಿಟ್ಟು ಹೋಗಿದ್ದ.

“ಈಗ ಸರೋಜ ಅಂತ,” ಅಂದಳು. “ಸುಮ್ನೆ ಕೂತ್ಕೊ, ಗಾಬರಿ ಆಗ್ಬೇಡ.”

ಆಮೇಲೆ ಎಲ್ಲವನ್ನೂ ಹೇಳಿದಳು. ಮುಂಬಯಿಯ ಆಸ್ಪತ್ರೆಯೊಂದರಲ್ಲಿ ರೋಗಿಗಳನ್ನು ನೋಡಿಕೊಳ್ಳುವ ಕೆಲಸವಂತೆ. ಅಲ್ಲಿನ ಡಾಕ್ಟರೊಬ್ಬರು ಇವಳ ಸಂಕಟ ತಿಳಿದು ಹೊರದೇಶದ ಡಾಕ್ಟರಿಗೆ ಬರೆದಿದ್ದರಂತೆ. ಗಂಡಿನ ದೇಹದಲ್ಲಿ ಹುಟ್ಟಿದವರನ್ನು ಆಪರೇಷನ್ ಮಾಡಿ ಹೆಣ್ಣಾಗಿಸುವವರು ಅಲ್ಲಿದ್ದಾರಂತೆ. ಬಾ ಎಂದು ಕಾಗದವೂ ಬಂದಿತ್ತು. ಹಡಗಿಗೆ ಇನ್ನು ಒಂದೂವರೆ ತಿಂಗಳು. ಪಾಸ್‌ಪೋರ್ಟಿಗೆ ಹುಟ್ಟಿದ ತಾರೀಕಿನ ದಾಖಲೆ ಬೇಕು, ಅದು ಇದ್ದದ್ದು ನಮ್ಮ ಶಾಲೆಯಲ್ಲಿ ಮಾತ್ರ.

“ಹೆಸರು ಬದಲು ಮಾಡು ಅಂತ ಕೇಳಾಕ್ ಬಂದಿಲ್ಲ. ಬಸವರಾಜ ಅಂತ ಏನೈತೋ ಅದನ್ನೇ ಬರ್ಕೊಡು. ಹೋಗೋವಾಗ ಪ್ಯಾಂಟು ಹಾಕ್ಕೊಂಡು ಹೋಗ್ತೀನಿ.”

“ಹಂಗಾದ್ರೆ ಇಲ್ಲಿಗೂ ಪ್ಯಾಂಟಲ್ಲೇ ಬರಬಾರ್ದಿತ್ತಾ? ಎಷ್ಟು ಸುಲಭ ಆಗ್ತಿತ್ತು,” ಎಂದೆ.

“ಆಪರೇಷನ್ನಿನಾಗೆ ಉಳೀತೀನೋ ಇಲ್ಲೋ ಗೊತ್ತಿಲ್ಲ. ಹುಟ್ಟಿದ ಊರಿಗೆ ಒಂದ್ಸಲ ನಾನು ನಾನಾಗಿ ಬಂದು ಹೋಗ್ಬೇಕು ಅನ್ನಿಸ್ತು,” ಅಂದಳು.

ಅಷ್ಟರಲ್ಲಿ ಹೆಡ್‌ಮಾಸ್ಟರು ಊಟ ಮುಗಿಸಿ ಬಂದರು. ಕೆಟ್ಟವರಲ್ಲ, ಆದರೆ ಕಾನೂನು ಅಂದರೆ ಕಾನೂನು. ದಾಖಲೆ ಬೇಕಾದರೆ ತಂದೆ ಬರಬೇಕು, ಇಲ್ಲವೇ ಬಂದವರ ಗುರುತು ಬಲ್ಲವರು ಯಾರಾದರೂ ಹೌದು ಅನ್ನಬೇಕು. ತಂದೆ ತೀರಿಕೊಂಡಿದ್ದರು. ಅಣ್ಣ ಆ ಬೆಳಿಗ್ಗೆಯೇ, ನನ್ನ ತಮ್ಮ ಸತ್ತು ಹತ್ತು ವರ್ಷವಾಯಿತು ಎಂದು ಹೇಳಿ ಬಾಗಿಲು ಹಾಕಿಕೊಂಡಿದ್ದ. ರಿಜಿಸ್ಟರಿನಲ್ಲಿ ಗಂಡು ಎಂದಿದೆ, ಎದುರಿಗೆ ಸೀರೆ ಉಟ್ಟವಳು ನಿಂತಿದ್ದಾಳೆ. ಹೆಡ್‌ಮಾಸ್ಟರು ಕನ್ನಡಕ ಸರಿಮಾಡಿಕೊಂಡು ನನ್ನ ಕಡೆ ತಿರುಗಿದರು.

“ರೀ ಶಿವಣ್ಣ, ನೀವೂ ಇದೇ ಶಾಲೇಲಿ, ಅದೇ ವರ್ಷ ಓದಿದೋರಲ್ವಾ? ನಿಮಗೆ ಗೊತ್ತಾ ಇವರು?”

ಒಂದೇ ಮಾತು. ಗೊತ್ತು ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಆ ಕ್ಷಣದಲ್ಲಿ ನನಗೆ ಕಂಡದ್ದು ಸೊರಬದ ಮಾವನ ಮುಖ. ಸಂತೆಗೆ ಬಂದ ಜನ ಸುದ್ದಿ ಹೊತ್ತುಕೊಂಡು ಹೋಗುತ್ತಾರೆ, ಇವನಿಗೂ ಅವಳಿಗೂ ಏನು ಸ್ನೇಹ ಅಂತ ಕೇಳುತ್ತಾರೆ ಅನ್ನಿಸಿತು.

“ಸರಿಯಾಗಿ ನೆನಪಿಲ್ಲ ಸಾರ್,” ಅಂದೆ.

ಸರೋಜ ನನ್ನನ್ನೇ ನೋಡಿದಳು. ಸಿಟ್ಟು ಮಾಡಿಕೊಂಡಿದ್ದರೆ ತಡೆದುಕೊಳ್ಳಬಹುದಿತ್ತು. ಇದು ಹೀಗೇ ಆಗುತ್ತದೆ ಎಂದು ಮೊದಲೇ ಗೊತ್ತಿದ್ದವಳಂತೆ ತಲೆಯಾಡಿಸಿ, “ಒಂದು ಗಂಟೆ ಟೈಮು ಕೊಡ್ರಿ ಸಾರ್,” ಎಂದು ಹೊರಟುಹೋದಳು. ಮಧ್ಯಾಹ್ನದ ಪಾಠದಲ್ಲಿ ನಾನು ಏನು ಹೇಳಿದೆನೋ ನನಗೇ ತಿಳಿಯದು.

ಹೇಳಿದಂತೆ ವಾಪಸು ಬಂದಳು. ಜೊತೆಯಲ್ಲಿ ನಮ್ಮ ಹಳ್ಳಿಯ ಸೂಲಗಿತ್ತಿ ಹನುಮಕ್ಕ. ಎಪ್ಪತ್ತು ದಾಟಿದ ಮುದುಕಿ. ಸಂತೆಯಲ್ಲಿ ಸೊಪ್ಪು ಮಾರುತ್ತಿದ್ದವಳು ಬುಟ್ಟಿ ಸಮೇತ ಎದ್ದು ಬಂದಿದ್ದಳು. ಸುತ್ತಲಿನ ಹತ್ತು ಹಳ್ಳಿಗಳಲ್ಲಿ ಅವಳ ಕೈಯಲ್ಲಿ ಹುಟ್ಟದ ಮಕ್ಕಳು ಕಡಿಮೆ. ಹೆಡ್‌ಮಾಸ್ಟರಿಗೂ ಅವಳು ಗೊತ್ತು.

“ಇವರು ಯಾರು ಹನುಮಕ್ಕ?”

“ನನ್ ಕೈಯಾಗೆ ಹುಟ್ಟಿದ ಕೂಸು ಕಣ್ರೀ. ಕಾಲು ಮುಂದಾಗಿ ಬಂದಿತ್ತು. ಎಡಗಾಲಿನ ಎರಡು ಬೆರಳು ಕೂಡ್ಕೊಂಡಾವೆ, ಬೇಕಾದ್ರೆ ನೋಡ್ರಿ. ಬಿಡವ್ವ ಚಪ್ಪಲಿ.”

ಸರೋಜ ಚಪ್ಪಲಿ ಬಿಟ್ಟಳು. ಹೆಡ್‌ಮಾಸ್ಟರು ಬಗ್ಗಿ ನೋಡಿದರು. ನಾನು ನೋಡಲಿಲ್ಲ. ಆ ಬೆರಳುಗಳನ್ನು ನೋಡಿಯೇ ಶಾಲೆಯಲ್ಲಿ ಬಾತುಕೋಳಿ ಎಂದು ಅಡ್ಡಹೆಸರು ಇಟ್ಟವನು ನಾನೇ.

“ಅದೆಲ್ಲ ಸರಿ ಕಣಮ್ಮ, ಹುಟ್ಟಿದಾಗ ಗಂಡು ಅಂತ ಹೇಳಿದ್ಯಾರು?”

“ನಾನೇ,” ಅಂದಳು ಹನುಮಕ್ಕ. “ಗಂಡು ಅಂದೆ, ಮನೆಯೋರು ಸಕ್ಕರೆ ಹಂಚಿದ್ರು, ನಂಗೊಂದು ಸೀರೆನೂ ಕೊಟ್ರು. ಬುಡ್ಡಿ ಬೆಳಕಿನಾಗೆ ಕಣ್ಣಿಗೆ ಕಂಡಿದ್ದು ಹೇಳಿದೆ. ಒಳಗಿರಾದು ನಂಗೆಲ್ಲಿ ಕಾಣ್ತದೆ? ಮಾತು ಬಂದ್ಮೇಲೆ ಅದೇ ಹೇಳ್ತು. ತಪ್ಪು ಅಂತ ಬರ್ಕೊಳ್ಳಾದಾದ್ರೆ ನನ್ನ ಹೆಸರಿಗೆ ಬರ್ಕೊಳ್ರಿ, ಈ ಹುಡುಗೀನ್ಯಾಕೆ ಓಡಾಡಿಸ್ತೀರಿ?”

ಹೆಡ್‌ಮಾಸ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಕಡೆಗೆ, “ಬರೀರಿ ಶಿವಣ್ಣ,” ಅಂದರು.

ರಿಜಿಸ್ಟರು ತೆಗೆದು ಜೋರಾಗಿ ಓದಿಕೊಳ್ಳುತ್ತಾ ಬರೆಯತೊಡಗಿದೆ. ಜೂನ್ ಒಂದು ಎಂದು ಓದಿದ ಕೂಡಲೇ ಹನುಮಕ್ಕ ತಡೆದಳು. “ಅದ್ಯಾರ್ರೀ ಹೇಳಿದ್ದು? ಇದು ಹುಟ್ಟಿದ್ದು ದೀಪಾವಳಿ ಅಮಾಸೆ ದಿನ.” ಹೆಡ್‌ಮಾಸ್ಟರು ಮೊದಲ ಸಲ ನಕ್ಕರು. ಮಕ್ಕಳ ಹುಟ್ಟಿದ ದಿನ ತಂದೆತಾಯಿಗೆ ನೆನಪಿಲ್ಲದಿದ್ದರೆ ಜೂನ್ ಒಂದು ಎಂದು ನಾವೇ ಬರೆದುಕೊಳ್ಳುವುದು ಆಗಿನ ರೂಢಿ. ನಮ್ಮ ಶಾಲೆಯ ಅರ್ಧ ಮಕ್ಕಳು ಒಂದೇ ದಿನ ಹುಟ್ಟಿದವರು. ಅಂಥ ಸುಳ್ಳುಗಳನ್ನು ನೂರಾರು ಸಲ ದುಂಡಗೆ ಬರೆದ ನನಗೆ, ಗೊತ್ತಿದ್ದ ಒಂದು ನಿಜ ಹೇಳಲು ನಾಲಿಗೆ ಏಳಲಿಲ್ಲ. ತಲೆ ತಗ್ಗಿಸಿ ಜೂನ್ ಒಂದು ಎಂದೇ ಬರೆದುಕೊಟ್ಟೆ.

ಹನುಮಕ್ಕ ಹೆಬ್ಬೆಟ್ಟು ಒತ್ತಿ, ಮಸಿಯನ್ನು ಸೆರಗಿಗೆ ಒರೆಸಿಕೊಂಡು ಸೊಪ್ಪು ಮಾರಲು ಹೋದಳು. ಸರೋಜಳನ್ನು ಬಸ್ಸಿನವರೆಗೂ ಬಿಡಲು ಹೋದೆ. ತಪ್ಪಾಯಿತು ಅನ್ನಬೇಕೆಂದು ಹತ್ತು ಸಲ ಬಾಯಿ ತೆರೆದೆ. ಕೊನೆಗೆ ಹೇಳಿದ್ದು, “ಕಿಟಕಿ ಪಕ್ಕ ಕೂತ್ಕೊ,” ಅಂತ ಅಷ್ಟೇ.

ಮರುವರ್ಷ ಹನುಮಕ್ಕನ ಹೆಸರಿಗೆ ಶಾಲೆಯ ವಿಳಾಸಕ್ಕೆ ಹೊರದೇಶದ ಕಾಗದ ಬಂತು. ಅಷ್ಟರಲ್ಲಿ ನನ್ನ ಮದುವೆಯಾಗಿತ್ತು. ಹನುಮಕ್ಕನನ್ನು ಮನೆಗೆ ಕರೆಸಿ ಓದಿ ಹೇಳಿದೆ. ಆಪರೇಷನ್ ಆಯಿತಂತೆ, ಮೂರು ವಾರ ಮಲಗಿಯೇ ಇದ್ದಳಂತೆ, ಈಗ ಒಬ್ಬಳೇ ಓಡಾಡುತ್ತಾಳಂತೆ. ಅಲ್ಲಿಯ ನರ್ಸುಗಳಿಗೆ ಸರೋಜ ಎನ್ನಲು ನಾಲಿಗೆ ಹೊರಳುವುದಿಲ್ಲವಂತೆ, ಆದರೂ ಅವರು ಕರೆದಾಗಲೆಲ್ಲ ಖುಷಿಯಾಗುತ್ತದಂತೆ. ಹನುಮಕ್ಕ ಮೂರು ಸಲ ಓದಿಸಿಕೊಂಡಳು. ನನ್ನ ವಿಚಾರ ಕಾಗದದಲ್ಲಿ ಒಂದು ಅಕ್ಷರವೂ ಇರಲಿಲ್ಲ.

ಅವಳು ಹೋದ ಮೇಲೆ ನನ್ನ ಹೆಂಡತಿಗೆ ಎಲ್ಲ ಹೇಳಿಬಿಟ್ಟೆ. ಅವಳು ಕೇಳಿ, “ಗೊತ್ತು ಅಂದಿದ್ರೆ ಎಂತ ಆಗ್ತಿತ್ತು? ನಮ್ಮ ಅಪ್ಪಯ್ಯಂಗೆ ಕಿವೀನೇ ಸರಿ ಕೇಳೂದಿಲ್ಲ, ಸುದ್ದಿ ಯಾರು ಹೇಳ್ತಿದ್ರು?” ಅಂದಳು. ನಾನು ನಗಲು ಹೋದೆ. ನಗು ಬರಲಿಲ್ಲ, ಅಳು ಬಂತು.

ಹನುಮಕ್ಕನ ಪರವಾಗಿ ಉತ್ತರ ಬರೆದವನೂ ನಾನೇ. ಅವಳು ಹೇಳಿದ್ದನ್ನೆಲ್ಲ ಬರೆದು, ಹೆಬ್ಬೆಟ್ಟು ಒತ್ತಿಸಿದೆ. ಅದರ ಕೆಳಗೆ ಬರೆದವರ ಹೆಸರು ಹಾಕುವ ಪದ್ಧತಿ. ಅಲ್ಲಿ ನನ್ನ ಹೆಸರು ಹಾಕಿ, “ನಾನು ನಿನ್ನನ್ನು ಬಲ್ಲೆ ಸರೋಜ. ಅವತ್ತೂ ಬಲ್ಲೆ,” ಎಂದು ಬರೆದೆ.

ಆ ಕಾಗದ ಅವಳಿಗೆ ಮುಟ್ಟಿತೋ ಇಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ. ಮುಟ್ಟಿದ್ದರೂ, ಹೇಳಬೇಕಾಗಿದ್ದದ್ದು ಹೆಡ್‌ಮಾಸ್ಟರ ಮುಂದೆ, ಕಾಗದದ ಮೂಲೆಯಲ್ಲಲ್ಲ. ಅಂದಿನಿಂದ ಯಾರಾದರೂ “ಇವರು ನಿಮಗೆ ಗೊತ್ತಾ?” ಎಂದು ಕೇಳಿದರೆ ಸಾಕು, ಅರೆಬರೆ ಪರಿಚಯವಿದ್ದರೂ ಎದ್ದು ನಿಂತು “ಗೊತ್ತು” ಅಂದುಬಿಡುತ್ತೇನೆ. ಇವರಿಗೆ ಊರೆಲ್ಲ ಗೊತ್ತು ಎಂದು ಹೆಂಡತಿ ನಗುತ್ತಾಳೆ.