ಜೋಗಿಮಟ್ಟಿಯ ಎರಡನೇ ರೀಲು

ನಮ್ಮ ಫೋಟೋ ಗುಂಪಿನಲ್ಲಿ ಇವತ್ತು ಹೊಳಲ್ಕೆರೆಯವರೊಬ್ಬರು ಹಳೆಯ ರೀಲ್ ಕ್ಯಾಮೆರಾದ ಚಿತ್ರ ಹಾಕಿ, "ತಗಳ್ಳೋಕೆ ಮುಂಚೆ ಏನು ನೋಡ್ಬೇಕ್ರಿ?" ಎಂದು ಕೇಳಿದ್ದಾರೆ. ಕೆಳಗೆ ಲೆನ್ಸಿನ ಬಗ್ಗೆ ಆಗಲೇ ಜಗಳ ಶುರುವಾಗಿದೆ. ನನಗೆ ಕಂಡದ್ದು ಅದರ ಕಂದು ಚರ್ಮದ ಚೀಲ ಮಾತ್ರ. ಅಪ್ಪನದೂ ಅಂಥದ್ದೇ.

ಅಪ್ಪ ಚಿಕ್ಕಜಾಜೂರು ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುತ್ತಿದ್ದರು. ರಜೆಯ ದಿನ ಕ್ಯಾಮೆರಾ ಅವರ ಕೊರಳಿನಿಂದ ಇಳಿಯುತ್ತಿರಲಿಲ್ಲ. ಒಮ್ಮೆ ಮನೆಮಂದಿಯೆಲ್ಲ ಜೋಗಿಮಟ್ಟಿ ಬೆಟ್ಟಕ್ಕೆ ಹೋಗಿದ್ದೆವು. ಬೆಳಿಗ್ಗೆಯೆಲ್ಲ ಅಪ್ಪ ನಗಿಸಿ ನಗಿಸಿ ಫೋಟೋ ತೆಗೆದರು. ಮೂವತ್ತಾರು ಫೋಟೋದ ರೀಲು, ನಲವತ್ತು ದಾಟಿದರೂ ಮುಗಿಯಲಿಲ್ಲ. ಅಪ್ಪ ನನ್ನನ್ನು ಬಂಡೆಯ ಮರೆಗೆ ಕರೆದೊಯ್ದು ಕ್ಯಾಮೆರಾ ತೆರೆದರು. ರೀಲಿನ ತುದಿ ಒಳಗಿನ ಚಕ್ರದ ಹಲ್ಲಿಗೆ ಸಿಕ್ಕಿರಲೇ ಇಲ್ಲ, ರೀಲು ಮುಂದೆ ಸರಿದೇ ಇರಲಿಲ್ಲ. ಒಂದು ಫೋಟೋವೂ ಬಿದ್ದಿರಲಿಲ್ಲ.

"ನಿಮ್ಮವ್ವಂಗೆ ಹೇಳಬ್ಯಾಡ ಕಣೇ," ಎಂದು ಅದೇ ರೀಲನ್ನು ಸರಿಯಾಗಿ ಸಿಕ್ಕಿಸಿ, ಆಚೆ ಬಂದು ಕೂಗಿದರು: "ಇನ್ನೊಂದು ರೀಲ್ ಐತೆ, ಎಲ್ಲಾ ಬರ್ರಿ!"

ಹಾಗಾಗಿ ನಮ್ಮ ಆಲ್ಬಮ್ಮಿನಲ್ಲಿ ಎಲ್ಲರೂ ಬಿಸಿಲಿಗೆ ಬಾಡಿ, ಮುಖ ಗಂಟಿಕ್ಕಿಕೊಂಡು ನಿಂತಿದ್ದೇವೆ. ಅವ್ವನ ಮುಡಿಯ ಮಲ್ಲಿಗೆಯೂ ಕಂದಿದೆ.

ಅಪ್ಪ ಈಗಿಲ್ಲ. "ರೀಲ್ ಹಾಕಿ ಲಿವರ್ ಎಳೆದಾಗ ಎಡಗಡೆಯ ತಿರುಪೂ ತಿರುಗುತ್ತದೆಯೇ ನೋಡಿ, ತಿರುಗದಿದ್ದರೆ ರೀಲು ಸಿಕ್ಕಿಲ್ಲ" ಎಂದಷ್ಟೇ ಗುಂಪಿನಲ್ಲಿ ಬರೆದೆ. ಪಕ್ಕದಲ್ಲಿ ಆಲ್ಬಮ್ ತಿರುವುತ್ತಿದ್ದ ಅವ್ವ ಎಂದಿನಂತೆ ಕೇಳಿದಳು: "ನಾವು ನಕ್ಕಿದ್ದ ರೀಲ್ ಎಲ್ಲೈತೆ?"

"ಇಲ್ಲೇ ಎಲ್ಲೋ ಐತವ್ವ, ಹುಡುಕಾಣ," ಎಂದೆ.